ಮರಾಠಿ ಬಾರದವರು ಪಂಢರಪುರದ ವಾರಿಗೆ ಹೋಗುವುದು ಹೇಗೆ?

ಜ್ಯೇಷ್ಠ ಮಾಸ ಬಂತೆಂದರೆ ಓದುಗರಿಂದ ಅದೇ ಪ್ರಶ್ನೆ: "ನಮಗೆ ಮರಾಠಿ ಬರೋದಿಲ್ಲ, ಆ ಕಡೆ ಗುರುತಿನವರೂ ಯಾರಿಲ್ಲ. ಆಷಾಢದ ವಾರಿಯಲ್ಲಿ ನಡೀಬಹುದಾ?"

ನಡೆಯಬಹುದು. ಆದರೆ ಪಲ್ಲಕ್ಕಿಯ ಪಕ್ಕದಲ್ಲಿ ನಡೆದು ಬರುವುದು ಒಂದು, ದಿಂಡಿಯೊಳಗಿನವರಾಗಿ ನಡೆಯುವುದು ಇನ್ನೊಂದು. ಪಕ್ಕದಲ್ಲಿ ನಡೆಯಲು ಕಾಲು ಗಟ್ಟಿಯಿದ್ದರೆ ಸಾಕು. ಎರಡು ದಿನ ನಡೆದು ನೂರು ಫೋಟೋ ತೆಗೆದು, ಯಾರ ಹೆಸರೂ ತಿಳಿಯದೆ ಮರಳುವವರು ಪ್ರತಿ ವರ್ಷ ಇರುತ್ತಾರೆ. ದಿಂಡಿಯೊಳಗೆ ಸೇರಲು ಬೇರೆ ತಯಾರಿ ಬೇಕು. ಈ ಬರಹ ಅದರ ಬಗ್ಗೆ.

ಮೊದಲು ಕೆಲವು ಮಾತುಗಳ ಅರ್ಥ. ವಾರಿ ಎಂದರೆ ಪಂಢರಪುರದ ವಿಠ್ಠಲನಲ್ಲಿಗೆ ತಪ್ಪದೆ ಮಾಡುವ ಯಾತ್ರೆ. ಹಾಗೆ ಮಾಡುವವರು ವಾರಕರಿಗಳು. ದಿಂಡಿ ಎಂದರೆ ಒಟ್ಟಿಗೆ ನಡೆದು, ಒಟ್ಟಿಗೆ ಉಂಡು, ಒಂದೇ ಕಡೆ ಮಲಗುವ ತಂಡ. ಪ್ರತಿ ದಿಂಡಿಗೂ ಒಂದು ನಂಬರು, ಒಬ್ಬ ಮುಖ್ಯಸ್ಥ, ವೀಣೆ ಹಿಡಿದು ನಡೆಯುವ ವೀಣೇಕರಿ, ಪಖವಾಜು ಮತ್ತು ತಾಳದವರು, ಪತಾಕೆಯವರು, ತಲೆಯ ಮೇಲೆ ತುಳಸಿ ವೃಂದಾವನ ಹೊತ್ತ ಹೆಂಗಸರು. ಪಲ್ಲಕ್ಕಿಯಲ್ಲಿ ಇರುವುದು ಸಂತರ ಪಾದುಕೆ. ಪುಣೆಯ ಹತ್ತಿರದ ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿ ಹೊರಡುತ್ತವೆ. ಬೇರೆ ಸಂತರ ಪಲ್ಲಕ್ಕಿಗಳೂ ಹತ್ತಾರು ಇವೆ. ಇಲ್ಲಿ ಆಳಂದಿಯ ದಾರಿಯನ್ನೇ ಹಿಡಿದು ಹೇಳಿದ್ದೇವೆ. ನಡಿಗೆ ಸುಮಾರು 250 ಕಿ.ಮೀ., ಎರಡೂವರೆ ವಾರದ ಆಸುಪಾಸು.

1. ದಿನ ಗೊತ್ತು ಮಾಡಿಕೊಳ್ಳಿ

ಆಳಂದಿಯಿಂದ ಪಲ್ಲಕ್ಕಿ ಹೊರಡುವುದು ಜ್ಯೇಷ್ಠ ಬಹುಳ ಅಷ್ಟಮಿಗೆ. ಪಂಢರಪುರ ಮುಟ್ಟುವುದು ಆಷಾಢ ಶುದ್ಧ ದಶಮಿಗೆ, ಮರುದಿನ ಏಕಾದಶಿ. ಇಂಗ್ಲಿಷ್ ತಾರೀಕು ಪ್ರತಿ ವರ್ಷ ಬದಲಾಗುತ್ತದೆ: ಆಷಾಢ ಏಕಾದಶಿ 2025ರಲ್ಲಿ ಜುಲೈ 6ಕ್ಕೆ ಬಿದ್ದಿತ್ತು, ಅಧಿಕ ಜ್ಯೇಷ್ಠ ಬರುವುದರಿಂದ 2026ರಲ್ಲಿ ಅದು ಜುಲೈ 25. ಹೋದ ವರ್ಷದ ತಾರೀಕು ನೋಡಿ ರಜೆ ಹಾಕುವವರು ಮೋಸಹೋಗುವುದು ಇಲ್ಲೇ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಕೊಳ್ಳಿ. ನಮ್ಮ ಪಂಚಾಂಗದಂತೆ ಮಹಾರಾಷ್ಟ್ರದಲ್ಲೂ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಹಾಗಾಗಿ ಲೆಕ್ಕ ಒಂದೇ. ಆದರೆ ಬಹುಳಕ್ಕೆ ಅವರು 'ವದ್ಯ' ಎನ್ನುತ್ತಾರೆ.

ಪೂರ್ತಿ ರಜೆ ಸಿಗದಿದ್ದರೆ ಯಾವ ಭಾಗ ನಡೆಯಬೇಕು? ಹೆಚ್ಚಿನವರು ನಡಿಗೆಯ ಮೊದಲ ದಿನ ಆಳಂದಿಯಿಂದ ಪುಣೆಯವರೆಗೆ ನಡೆದು ಬಿಡುತ್ತಾರೆ. ಜನ ನೋಡಲು ಅದು ಚೆಂದ, ಜನರನ್ನು ತಿಳಿಯಲು ಅಲ್ಲ. ಆ ದಿನ ಒಂದೇ ದಿನಕ್ಕೆಂದು ಬಂದವರೇ ಜಾಸ್ತಿ. ನಮ್ಮ ಸಲಹೆ ಸಾಸವಡದಿಂದ ಫಲಟಣದವರೆಗಿನ ಐದಾರು ದಿನ. ಊರಿನ ಗದ್ದಲ ಹಿಂದೆ ಬಿದ್ದಿರುತ್ತದೆ, ದಿಂಡಿ ತನ್ನ ಲಯಕ್ಕೆ ಬಂದಿರುತ್ತದೆ. ಲೋಣಂದಿನಿಂದ ತರಡಗಾವಿಗೆ ಹೋಗುವ ದಿನ ನಡಿಗೆ ಕಡಿಮೆ, ಕೂತು ಮಾತಾಡಲು ಹೊತ್ತು ಸಿಗುತ್ತದೆ.

2. ದಿಂಡಿ ಹುಡುಕಿ, ಎರಡು ಮೂರು ತಿಂಗಳು ಮೊದಲೇ

ಇಡೀ ವಾರಿಯ ಗತಿ ಈ ಹಂತದ ಮೇಲೆ ನಿಂತಿದೆ. ದಿಂಡಿಯಿಲ್ಲದೆ ಹೋದವರಿಗೆ ದಾರಿಯಲ್ಲಿ ಊಟ ಸಿಗುತ್ತದೆ, ಮಲಗಲು ಯಾವುದೋ ಶಾಲೆಯ ಜಗಲಿಯೂ ಸಿಗಬಹುದು, "ನಿನ್ನೆ ನಿನ್ನ ಕಾಲು ನೋಯುತ್ತಿತ್ತಲ್ಲ, ಹೇಗಿದೆ?" ಎಂದು ಕೇಳುವವರು ಸಿಗುವುದಿಲ್ಲ.

ಹುಡುಕುವ ದಾರಿ ಮೂರು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಯಾವುದಾದರೂ ವಿಠ್ಠಲ ಮಂದಿರದಲ್ಲಿ ವಿಚಾರಿಸಿ. ಅಲ್ಲಿ ವಾರಿಗೆ ಹೋಗುವವರು ಇದ್ದೇ ಇರುತ್ತಾರೆ. ಪುಣೆಯಲ್ಲೋ ಸೋಲಾಪುರದಲ್ಲೋ ಇರುವ ಕನ್ನಡದ ನೆಂಟರನ್ನು ಕೇಳಿ. ಎರಡೂ ಆಗದಿದ್ದರೆ ಒಂದೆರಡು ತಿಂಗಳು ಮೊದಲು ಆಳಂದಿಗೇ ಹೋಗಿ, ಸಮಾಧಿ ಮಂದಿರದ ಸುತ್ತಲಿನ ಧರ್ಮಶಾಲೆಗಳಲ್ಲಿ ದಿಂಡಿಗಳ ವಿಳಾಸ ಕೇಳಿ. ಪುಣೆಯಿಂದ ಆಳಂದಿ 25 ಕಿ.ಮೀ. ಆಸುಪಾಸು, ಸಿಟಿ ಬಸ್ಸು ಇದೆ.

ಉತ್ತರ ಕರ್ನಾಟಕದ ಊರುಗಳಿಂದ ನೇರ ಪಂಢರಪುರಕ್ಕೆ ನಡೆಯುವ ಕನ್ನಡದ ದಿಂಡಿಗಳೂ ಇವೆ. ಅವುಗಳಲ್ಲಿ ಹೋದರೆ ಸುಖ, ಭಾಷೆಯ ತೊಡಕಿಲ್ಲ. ಆದರೆ ಬೇರೆ ಸೀಮೆಯ ಜನರ ಜೊತೆ ಬೆರೆಯಬೇಕು ಎಂಬುದೇ ನಿಮ್ಮ ಆಸೆಯಾಗಿದ್ದರೆ ಮರಾಠಿ ದಿಂಡಿಯನ್ನೇ ಹಿಡಿಯಿರಿ. ನಡುವಿನ ದಾರಿಯೊಂದಿದೆ: ಸೋಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರಿರುವ ದಿಂಡಿ. ಅಲ್ಲಿ ಎರಡೂ ಭಾಷೆ ಬಲ್ಲ ಒಬ್ಬಿಬ್ಬರು ಖಂಡಿತ ಇರುತ್ತಾರೆ. ಗಂಟು ಬಿದ್ದಾಗ ಬಿಡಿಸಲು ಅವರು ಸಾಕು. ದಿನವಿಡೀ ಅವರ ಬೆನ್ನಿಗೇ ಅಂಟಿಕೊಂಡರೆ ಮಾತ್ರ ಮರಾಠಿ ದಿಂಡಿಗೆ ಬಂದದ್ದು ದಂಡ.

ಫೋನಿನಲ್ಲಿ ಕೇಳಬೇಕಾದ್ದು:

- ದಿಂಡಿಯ ನಂಬರು ಎಷ್ಟು, ಅದು ಪಲ್ಲಕ್ಕಿ ಹೊತ್ತ ರಥದ ಮುಂದೋ ಹಿಂದೋ? ರಥದ ಮುಂದೆ 27 ದಿಂಡಿಗಳು, ಉಳಿದವೆಲ್ಲ ಹಿಂದೆ. ಎರಡೂ ಕಡೆ ಒಂದೇ ನಂಬರಿನ ದಿಂಡಿ ಇರುವುದರಿಂದ ಬರೀ "ಹದಿನೈದು" ಎಂದರೆ ಉತ್ತರ ಅರ್ಧವೇ.
- ಭಿಶಿ ಎಷ್ಟು? ಊಟ, ಗುಡಾರ, ಲಾರಿಗೆಂದು ತಲಾ ಕೊಡುವ ಹಣಕ್ಕೆ ಹಾಗೆನ್ನುತ್ತಾರೆ. ದಿಂಡಿಯಿಂದ ದಿಂಡಿಗೆ ವ್ಯತ್ಯಾಸ ಬಹಳ. ಏನೇನು ಸೇರಿದೆ ಎಂದೂ ಕೇಳಿ.
- ಕೆಲವೇ ದಿನ ನಡೆಯುವವರನ್ನು ಸೇರಿಸಿಕೊಳ್ಳುತ್ತಾರಾ?
- ಹೆಂಗಸರ ಗುಡಾರ ಬೇರೆ ಇದೆಯಾ? ಮುಟ್ಟಿನ ದಿನಗಳ ಬಗ್ಗೆ ಅಲ್ಲಿ ಏನು ರೂಢಿ? ಇದನ್ನು ಹೆಂಗಸರೇ ಅಲ್ಲಿನ ಹಿರಿಯ ಹೆಂಗಸೊಬ್ಬರನ್ನು ಕೇಳುವುದು ಒಳ್ಳೆಯದು. ದಾರಿಯಲ್ಲಿ ತಿಳಿದು ಮುಜುಗರ ಪಡುವುದಕ್ಕಿಂತ ಮೊದಲೇ ಗೊತ್ತಿರಲಿ.
- ಗುರುತಿನ ಚೀಟಿಯ ಪ್ರತಿ, ಫೋಟೋ ಎಷ್ಟು ಬೇಕು?

ಜಾತಿ, ಮತ ಕೇಳಿ ಸೇರಿಸಿಕೊಳ್ಳುವ ಪದ್ಧತಿ ವಾರಿಯದಲ್ಲ. ಮದ್ಯ, ಮಾಂಸ ಮಾತ್ರ ಸಲ್ಲದು.

3. ಕಾಲು ಮತ್ತು ಗಂಟುಮೂಟೆ

ಹೆಚ್ಚಿನ ದಿನ ನಡಿಗೆ 15ರಿಂದ 20 ಕಿ.ಮೀ. ಕಷ್ಟದ್ದು ಪುಣೆಯಿಂದ ಸಾಸವಡದ ದಿನ: 30 ಕಿ.ಮೀ. ದಾಟುತ್ತದೆ, ನಡುವೆ ದಿವೆ ಘಾಟಿನ ಏರು. ಅದರ ಮೇಲೆ ತಿಥಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಬಹುಳ ಏಕಾದಶಿ ಅದೇ ಹೊತ್ತಿಗೆ ಬರುವುದರಿಂದ ಅವತ್ತು ಅನ್ನ, ರೊಟ್ಟಿ ಇರುವುದಿಲ್ಲ. ಸಾಬೂದಾಣಿ ಖಿಚಡಿ, ಭಗರ್ ಎಂಬ ಸಾಮೆಯಂಥ ಧಾನ್ಯದ ಅನ್ನ, ಶೇಂಗಾ ಆಮಟಿ, ಬಾಳೆಹಣ್ಣು ಇವೇ ಊಟ. ಇದು ತಿಳಿಯದೆ ಮಧ್ಯಾಹ್ನದ ಊಟ ನೆಚ್ಚಿಕೊಂಡು ಘಾಟು ಹತ್ತಿದವರು ಅರ್ಧ ದಾರಿಯಲ್ಲಿ ಕೂತುಬಿಡುತ್ತಾರೆ. ಒಆರ್‌ಎಸ್ ಪುಡಿ ಮತ್ತು ಒಂದು ಹಿಡಿ ಶೇಂಗಾ, ಬೆಲ್ಲ ಜೇಬಿನಲ್ಲಿರಲಿ.

ಆರು ವಾರ ಮೊದಲೇ ನಡೆಯಲು ಶುರು ಮಾಡಿ. ದಿನಕ್ಕೆ 5 ಕಿ.ಮೀ.ನಿಂದ ಹಿಡಿದು, ಕೊನೆಯ ಹದಿನೈದು ದಿನದಲ್ಲಿ ಎರಡು ಮೂರು ಸಲವಾದರೂ ಶನಿವಾರ 15, ಭಾನುವಾರ 15 ನಡೆಯಿರಿ. ಒಂದೇ ದಿನ 20 ನಡೆದರೆ ಏನೂ ತಿಳಿಯುವುದಿಲ್ಲ. ನೊಂದ ಕಾಲಿನಲ್ಲಿ ಮರುದಿನ ಏಳುವುದೇ ನಿಜವಾದ ಅಭ್ಯಾಸ. ಹೊಸ ಶೂ ಬೇಡ. ಕನಿಷ್ಠ ಎರಡು ತಿಂಗಳು ಹಾಕಿ ಸವೆಸಿದ್ದು, ಜೊತೆಗೆ ಮಳೆಗೆ ಒಂದು ಸ್ಯಾಂಡಲ್. ಬರಿಗಾಲಲ್ಲಿ ನಡೆಯುವವರನ್ನು ನೋಡಿ ಆವೇಶಕ್ಕೆ ಚಪ್ಪಲಿ ಬಿಡಬೇಡಿ. ಅವರ ಅಂಗಾಲು ಹೊಲದಲ್ಲಿ ಪಳಗಿದ್ದು.

ಸಾಮಾನು ಎರಡು ಭಾಗ. ದೊಡ್ಡ ಚೀಲ ದಿಂಡಿಯ ಲಾರಿಗೆ: ಮೂರು ಜೊತೆ ಹತ್ತಿಯ ಬಟ್ಟೆ (ಬಿಳಿಯದಾದರೆ ಒಳ್ಳೆಯದು), ಹೊದಿಕೆ, ಕೆಳಗೆ ಹಾಸಲು ದಪ್ಪ ಪ್ಲಾಸ್ಟಿಕ್ ಹಾಳೆ, ತಟ್ಟೆ ಲೋಟ, ಟಾರ್ಚು. ಹೆಗಲ ಚೀಲದಲ್ಲಿ ನೀರು, ರೇನ್‌ಕೋಟು, ವ್ಯಾಸಲೀನ್, ಒಂದು ಜೊತೆ ಒಣ ಕಾಲುಚೀಲ, ನಿತ್ಯದ ಮಾತ್ರೆ, ಪವರ್ ಬ್ಯಾಂಕು, ಹತ್ತು ಇಪ್ಪತ್ತರ ನೋಟು. ಅದು 4 ಕೆ.ಜಿ. ಮೀರದಿರಲಿ. ಚಿನ್ನ ಮನೆಯಲ್ಲೇ ಬಿಡಿ, ಇಂಥ ಜಂಗುಳಿಯಲ್ಲಿ ಸರಗಳ್ಳರೂ ಇರುತ್ತಾರೆ.

ಎಲ್ಲರೂ ಮರೆಯುವುದು ಇದನ್ನು: ಚೀಲದ ಮೇಲೆ ಹೆಸರು, ದಿಂಡಿ ನಂಬರು, ಫೋನ್ ನಂಬರನ್ನು ದೇವನಾಗರಿಯಲ್ಲಿ ಬರೆಸಿ. ಲಾರಿ ತುಂಬುವವರಿಗೆ ಕನ್ನಡ ಓದಲು ಬಾರದು. ಚೀಲದ ಕಿವಿಗೆ ಒಂದು ಬಣ್ಣದ ಬಟ್ಟೆ ಕಟ್ಟಿ, ನೂರು ಚೀಲದ ರಾಶಿಯಲ್ಲಿ ಕಣ್ಣಿಗೆ ಬೀಳುತ್ತದೆ. ನೀವೂ ದೇವನಾಗರಿಯ ಅಂಕಿಗಳನ್ನು ಕಲಿತಿರಿ. ಲಾರಿ, ಫಲಕ, ಪತಾಕೆ ಎಲ್ಲದರ ಮೇಲೂ ಅವೇ. ಹೊಸಬರಿಗೆ ಒಂದು ಮತ್ತು ಒಂಬತ್ತು ಅದಲುಬದಲಾಗುತ್ತವೆ.

4. ಇಪ್ಪತ್ತು ಮಾತು ಕಲಿಯಿರಿ

ಪೂರ್ತಿ ಮರಾಠಿ ಕಲಿಯಲು ಹೊರಟವರು ಅರ್ಧಕ್ಕೆ ಬಿಡುತ್ತಾರೆ. ಬೇಕಾಗುವುದು ಇಷ್ಟೇ:

- ರಾಮ ಕೃಷ್ಣ ಹರಿ: ಸಿಕ್ಕಾಗ, ಬೀಳ್ಕೊಡುವಾಗ, ಜನರ ನಡುವೆ ದಾರಿ ಕೇಳುವಾಗ, ಎಲ್ಲದಕ್ಕೂ.
- ಮಾವುಲಿ: ತಾಯಿ ಎಂದರ್ಥ. ಜ್ಞಾನೇಶ್ವರರನ್ನು ಕರೆಯುವುದು ಹಾಗೆ. ವಾರಿಯಲ್ಲಿ ಗಂಡು, ಹೆಣ್ಣು, ಪೊಲೀಸು, ಚಹಾ ಮಾರುವ ಹುಡುಗ ಎಲ್ಲರೂ ಮಾವುಲಿಯೇ.
- ಮಲಾ ಮರಾಠಿ ಯೇತ್ ನಾಹೀ, ಹಳೂ ಬೋಲಾ: ನನಗೆ ಮರಾಠಿ ಬರುವುದಿಲ್ಲ, ನಿಧಾನವಾಗಿ ಹೇಳಿ.
- ತುಮ್ಹೀ ಕುಠಲ್ಯಾ ಗಾವಚೇ?: ನೀವು ಯಾವ ಊರಿನವರು?
- ಮೀ ಕಾಯ್ ಕರೂ?: ನಾನೇನು ಮಾಡಲಿ?
- ಜೇವಣ ಝಾಲಂ ಕಾ?: ಊಟ ಆಯ್ತಾ?
- ಥೋಡಂ ವಾಢಾ: ಸ್ವಲ್ಪ ಬಡಿಸಿ. ಪುರೇ: ಸಾಕು.
- ಆಪಲೀ ದಿಂಡೀ ಕುಠೇ ಆಹೇ?: ನಮ್ಮ ದಿಂಡಿ ಎಲ್ಲಿದೆ?
- ಪಾಯ ದುಖತೋಯ್: ಕಾಲು ನೋಯುತ್ತಿದೆ.

ಹಿಂದಿಯಲ್ಲೇ ನಡೆಸಿಬಿಡಬಹುದಲ್ಲ ಎನ್ನಬಹುದು. ನಡೆಯುತ್ತದೆ, ವ್ಯವಹಾರ ಮಟ್ಟಿಗೆ. ಹಳ್ಳಿಯ ಅಜ್ಜಿಯರಿಗೆ ನಮ್ಮ ಹಿಂದಿಯಷ್ಟೇ ಅವರ ಹಿಂದಿಯೂ ಕುಂಟು. ತಪ್ಪು ಮರಾಠಿ ಆಡಿದರೆ ನಗುತ್ತಾರೆ, ತಿದ್ದುತ್ತಾರೆ, ಆ ತಿದ್ದುವುದರಲ್ಲೇ ಮಾತು ಬೆಳೆಯುತ್ತದೆ.

ಕನ್ನಡದವರಿಗೆ ಅರ್ಧ ಕೆಲಸ ಮೊದಲೇ ಆಗಿದೆ. ಅಣ್ಣಾ, ಅಕ್ಕಾ, ಅಪ್ಪಾ, ಮಾಮಾ ಅಲ್ಲಿಯೂ ನಡೆಯುತ್ತವೆ. ಅಜ್ಜಿ ಅಲ್ಲಿ ಆಜಿ, ತುಪ್ಪ ತೂಪ, ಜೋಳದ ರೊಟ್ಟಿ ಭಾಕರಿ, ನಮ್ಮ ಝುಣಕದ ತಂಗಿ ಪಿಠಲಂ. ಒಂದು ಕಡೆ ಎಚ್ಚರ: ಮರಾಠಿಯ 'ತಾಯಿ' ಎಂದರೆ ಅಮ್ಮನಲ್ಲ, ಅಕ್ಕ. ಎಪ್ಪತ್ತರ ಅಜ್ಜಿಯನ್ನು ತಾಯಿ ಎಂದರೆ ಅಕ್ಕಾ ಎಂದಂತಾಗುತ್ತದೆ; ಅವರಿಗೆ ಖುಷಿಯಾಗಬಹುದು, ಆದರೆ ನೀವು ಹೇಳಲು ಹೊರಟದ್ದು ಅದಲ್ಲ. ಅಷ್ಟು ವಯಸ್ಸಿನವರಿಗೆ ಆಜಿ, ನಡುವಯಸ್ಸಿನ ಹೆಂಗಸರಿಗೆ ಮಾವಶಿ (ಚಿಕ್ಕಮ್ಮ), ಗಂಡಸರಿಗೆ ಕಾಕಾ. ಯಾವುದೂ ತೋಚದಿದ್ದರೆ ಮಾವುಲಿ.

ಊರು ಕೇಳಿ, ಅಡ್ಡಹೆಸರು ಕೇಳಬೇಡಿ. ಮಹಾರಾಷ್ಟ್ರದಲ್ಲಿ ಅಡ್ಡಹೆಸರಿನ ಬೆನ್ನಿಗೇ ಜಾತಿ ಬರುತ್ತದೆ.

5. ಮೊದಲ ದಿನ: ಕಾಲು ಮುಟ್ಟುವುದು

ಕನ್ನಡದವರು ತಡವರಿಸುವ ಜಾಗವಿದು. ವಾರಿಯಲ್ಲಿ ಇಬ್ಬರು ಎದುರಾದರೆ ಇಬ್ಬರೂ ಬಾಗಿ ಒಬ್ಬರ ಪಾದ ಇನ್ನೊಬ್ಬರು ಮುಟ್ಟುತ್ತಾರೆ. ವಯಸ್ಸು, ಜಾತಿ, ಅಂತಸ್ತಿನ ಲೆಕ್ಕವಿಲ್ಲ. ನಿಮ್ಮ ತಂದೆಯ ಪ್ರಾಯದವರು ನಿಮ್ಮ ಕಾಲಿಗೆ ಬಾಗುತ್ತಾರೆ. ದೊಡ್ಡವರು ಕಾಲು ಮುಟ್ಟಿದರೆ ಚಿಕ್ಕವರ ಆಯುಷ್ಯ ಕಡಿಮೆ ಎಂದು ಕೇಳಿ ಬೆಳೆದ ನಾವು ಹಿಂದೆ ಜಿಗಿಯುತ್ತೇವೆ, ಅವರ ಕೈ ಹಿಡಿದು ತಡೆಯುತ್ತೇವೆ. ಹಾಗೆ ಮಾಡಬೇಡಿ. ತಡೆದರೆ "ನಿಮ್ಮ ನಮಸ್ಕಾರ ಬೇಡ" ಎಂದಂತೆ. ಅವರು ಬಾಗುತ್ತಿದ್ದಂತೆ ನೀವೂ ಬಾಗಿ. ಅವರು ನಮಸ್ಕರಿಸುವುದು ನಿಮ್ಮೊಳಗಿನ ವಿಠ್ಠಲನಿಗೆ ಎಂಬ ಭಾವ ಅದರಲ್ಲಿದೆ. ಗಂಡು ಹೆಣ್ಣಿನ ನಡುವೆ ಕೈ ಮುಗಿದು ತಲೆ ಬಾಗಿಸಿದರೂ ಸಾಕು, ಎದುರಿನವರು ಮಾಡಿದಂತೆ ಮಾಡಿ.

ತುಳಸಿ ಮಾಲೆಯ ವಿಷಯ. ದಾರಿಯುದ್ದಕ್ಕೂ ಮಾರುತ್ತಾರೆ, ಎಲ್ಲರ ಕೊರಳಲ್ಲೂ ಇದೆ ಎಂದು ಕೊಂಡು ಹಾಕಿಕೊಳ್ಳಬೇಡಿ. ವಾರಕರಿಗೆ ಮಾಲೆ ಎಂದರೆ ಮದ್ಯ, ಮಾಂಸ ಬಿಟ್ಟು ಏಕಾದಶಿ ಹಿಡಿದು ವಾರಿ ನಡೆಸುವ ವ್ರತ, ಅದೂ ಬದುಕಿನುದ್ದಕ್ಕೆ. ಊರಿಗೆ ಮರಳಿ ತೆಗೆದಿಡುವ ಯೋಚನೆ ಇದ್ದರೆ ಬೇಡವೇ ಬೇಡ. ಹಣೆಗೆ ಗಂಧ, ಬುಕ್ಕ (ಪರಿಮಳದ ಕಪ್ಪು ಪುಡಿ) ಹಚ್ಚಿಸಿಕೊಳ್ಳಲು ಅಂಥ ಕಟ್ಟಿಲ್ಲ.

6. ಕೆಲಸ ಕೇಳಿ ಪಡೆಯಿರಿ

ಮಾತು ಬಾರದ ಕಡೆ ಕೈಯೇ ಮಾತಾಡಬೇಕು. ಮೊದಲ ಸಂಜೆಯೇ ದಿಂಡಿಯ ಮುಖ್ಯಸ್ಥರ ಬಳಿ ಹೋಗಿ "ಮೀ ಕಾಯ್ ಕರೂ?" ಎಂದು ಕೇಳಿ. ಮೊದಲು "ಕೂತ್ಕೋ ಮಾವುಲಿ" ಎನ್ನುತ್ತಾರೆ, ಅತಿಥಿ ನೀವು. ಎರಡನೇ ಸಲ ಕೇಳಿ. ಮೂರನೆಯ ಸಲಕ್ಕೆ ಕೈಗೆ ಏನಾದರೂ ಬರುತ್ತದೆ.

ಕೆಲಸಗಳಲ್ಲಿ ಬಡಿಸುವುದೇ ಹೊಸಬರಿಗೆ ಅತ್ಯಂತ ಒಳ್ಳೆಯದು. ಪಂಗತಿಯಲ್ಲಿ ಬಕೆಟ್ಟು ಹಿಡಿದು "ಭಾಜಿ, ಭಾಜಿ", "ವರಣ, ವರಣ" ಎನ್ನುತ್ತ ಹೋಗುತ್ತೀರಿ. ಎರಡು ದಿನದಲ್ಲಿ ಎಲ್ಲರ ಮುಖ ಗೊತ್ತಾಗುತ್ತದೆ, ಯಾರಿಗೆ ಖಾರ ಆಗದು, ಯಾರು ಇನ್ನೊಂದು ಭಾಕರಿ ಕೇಳಲು ನಾಚುತ್ತಾರೆ ಎಂಬುದೂ ತಿಳಿಯುತ್ತದೆ. ಅವರಿಗೂ ನೀವು "ಆ ಕರ್ನಾಟಕದವ" ಎಂಬುದು ಹೋಗಿ ಹೆಸರಾಗುತ್ತೀರಿ. ಒಂದು ಸುತ್ತಿಗೆ ಒಂದೇ ಪದಾರ್ಥ ಹಿಡಿಯಿರಿ. ಪಂಗತಿಯ ತಲೆಯಿಂದ ಬುಡದವರೆಗೆ ಯಾರನ್ನೂ ಬಿಡದೆ ಹೋಗಿ. ಬಡಿಸಿದವರು ಕೊನೆಯ ಪಂಗತಿಗೆ ಕೂರುತ್ತಾರೆ, ನಗು ಹರಟೆ ಇರುವುದೂ ಆ ಪಂಗತಿಯಲ್ಲೇ.

ಇನ್ನುಳಿದದ್ದು: ಟ್ಯಾಂಕರಿನಿಂದ ನೀರು ತುಂಬುವುದು, ಲಾರಿಯಿಂದ ಚೀಲ ಇಳಿಸುವುದು, ಗುಡಾರದ ಗೂಟ ಹೊಡೆಯುವುದು, ರಾತ್ರಿ ಹಿರಿಯರ ಕಾಲಿಗೆ ಎಣ್ಣೆ ತಿಕ್ಕುವುದು. ಭಾಕರಿ ಬಡಿಯಲು ಉತ್ತರ ಕರ್ನಾಟಕದ ಹೆಂಗಸರು ಕೂತರೆ ಪರೀಕ್ಷೆಯೇ ಬೇಡ, ಕೈ ನೋಡಿಯೇ ಒಲೆಯ ಪಕ್ಕ ಜಾಗ ಬಿಡುತ್ತಾರೆ.

ಇಲ್ಲಿ ಆಗುವ ತಪ್ಪು ರಸ್ತೆ ಬದಿಯ ಅನ್ನದಾನ. ಊರೂರಿನವರು ಚಹಾ, ಪೋಹೆ, ಬಾಳೆಹಣ್ಣು, ಲಾಡು ಹಂಚುತ್ತಾರೆ. ಒಂದು ಲೋಟ ಚಹಾ ಕುಡಿಯಿರಿ, ಕೊಟ್ಟವರಿಗೆ ನಮಸ್ಕರಿಸಿ. ಸಿಕ್ಕಿದ ಕಡೆಯೆಲ್ಲ ತಿಂದು ಹೊಟ್ಟೆ ತುಂಬಿಸಿಕೊಂಡು ದಿಂಡಿಯ ಪಂಗತಿ ತಪ್ಪಿಸಿದರೆ, ಎರಡೇ ದಿನದಲ್ಲಿ ನೀವು ದಿಂಡಿಯ ಹೊರಗಿನವರು. ನೋಟು ಹಂಚುವುದೂ ಬೇಡ. ನೋಟು ಚಾಚಿದವನು ಅಲ್ಲಿಗೆ ಸಾಹುಕಾರನಾಗಿಬಿಡುತ್ತಾನೆ.

7. ದಿನದ ಓಟ

ಬೆಳಗಿನ ಜಾವ ಮೂರೂವರೆ, ನಾಲ್ಕಕ್ಕೆ ಎದ್ದು ತಣ್ಣೀರ ಸ್ನಾನ. ಹೊರಡುವ ಮೊದಲೇ ಚೀಲ ಲಾರಿಗೆ ಹೋಗಬೇಕು. ತಡವಾದರೆ ದಿನವಿಡೀ ಅದು ನಿಮ್ಮ ಬೆನ್ನ ಮೇಲೆ. ಆರರ ಹೊತ್ತಿಗೆ ಪಲ್ಲಕ್ಕಿ ಹೊರಡುತ್ತದೆ. ನಡುನಡುವೆ ವಿಸಾವಾ, ಅಂದರೆ ದಣಿವಾರಿಸಿಕೊಳ್ಳುವ ಜಾಗ. ಸಂಜೆ ಬೀಡು.

ನಡೆಯುವಾಗಿನ ಭಜನೆಗೆ ಕ್ರಮವಿದೆ, ಬೆಳಗಿನ ಅಭಂಗಗಳು (ಮರಾಠಿ ಸಂತರ ಪದಗಳು) ಬೇರೆ, ವಾರಕ್ಕೆ ತಕ್ಕವು ಬೇರೆ. ಉತ್ಸಾಹಕ್ಕೆ ನಡುವೆ ದಾಸರ ಪದ ಎತ್ತಿಬಿಡಬೇಡಿ. ವೀಣೇಕರಿಯ ಮುಂದೆ ಹೋಗಬೇಡಿ, ಸಾಲು ಅಡ್ಡ ಕಡಿಯಬೇಡಿ. ತಾಳ ಕೊಟ್ಟರೆ ಮೊದಲ ಒಂದು ದಿನ ಮೆಲ್ಲಗೆ ಬಡಿಯಿರಿ. ಒಬ್ಬನ ತಪ್ಪು ತಾಳ ಇಡೀ ಸಾಲಿನ ಹೆಜ್ಜೆ ಕೆಡಿಸುತ್ತದೆ. ಸಂಜೆ ಹೇಳುವ ಹರಿಪಾಠವೆಂಬ ಅಭಂಗಗಳ ಗುಚ್ಛವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದರೆ ಮೂರನೇ ದಿನಕ್ಕೆ ನೀವೂ ಹೇಳುತ್ತಿರುತ್ತೀರಿ. ದಾಸರ ಪದಕ್ಕೂ ಹೊತ್ತು ಬರುತ್ತದೆ: ರಾತ್ರಿ ಗುಡಾರದಲ್ಲಿ "ನಿಮ್ಮ ಕಡೆಯದೊಂದು ಹೇಳಿ" ಎನ್ನುತ್ತಾರೆ. ಅದಕ್ಕಾಗಿ 'ವಿಠಲ' ಅಂಕಿತವಿರುವ ಎರಡು ಪದ ಬಾಯಿಪಾಠವಿರಲಿ. ಪುರಂದರ ವಿಠಲ ಎಂಬ ಕೊನೆಯ ಸಾಲು ಬಂದಾಗ ಭಾಷಾಂತರ ಬೇಕಾಗುವುದಿಲ್ಲ.

ಸಮಾಜ ಆರತಿಯನ್ನು ತಪ್ಪಿಸಬೇಡಿ. ಬೀಡು ಮುಟ್ಟಿದ ಮೇಲೆ ದಿಂಡಿಗಳೆಲ್ಲ ಪಲ್ಲಕ್ಕಿಯ ಸುತ್ತ ನಿಂತು ತಾಳ ಬಡಿಯುತ್ತಿರುತ್ತವೆ. ಮೆರವಣಿಗೆಯ ಶಿಸ್ತು ನೋಡಿಕೊಳ್ಳುವ ಚೋಪದಾರ ಬೆಳ್ಳಿಯ ದಂಡ ಎತ್ತಿದ ಕೂಡಲೆ ಎಲ್ಲ ಗಪ್‌ಚಿಪ್. ಯಾವುದಾದರೂ ದಿಂಡಿಗೆ ದೂರು ಇದ್ದರೆ ಅದು ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರರು ಅಲ್ಲಿಗೆ ಹೋಗಿ ಕೇಳುತ್ತಾರೆ. ಕಳೆದ, ಸಿಕ್ಕಿದ ವಸ್ತುಗಳನ್ನು ಸಾರುವುದೂ ಆಗಲೇ.

ನೀವೇ ಕಳೆದುಹೋದರೆ? ಜನ ಕಿಕ್ಕಿರಿದ ಕಡೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಅದನ್ನು ನಂಬಬೇಡಿ. ದಿಂಡಿ ನಂಬರು, ರಥದ ಮುಂದೋ ಹಿಂದೋ, ಇಬ್ಬರ ಫೋನ್ ನಂಬರು, ಅವತ್ತಿನ ಬೀಡಿನ ಊರು, ಇಷ್ಟನ್ನು ದೇವನಾಗರಿಯಲ್ಲಿ ಚೀಟಿ ಬರೆದು ಜೇಬಿನಲ್ಲಿಡಿ. ಗಾಬರಿಯಾಗಿ ಹಿಂದೆ ತಿರುಗಬೇಡಿ. ರಥ ಎಲ್ಲಿದೆ ಎಂದು ಕೇಳಿಕೊಂಡು ಅದರಿಂದ ಎಣಿಸುತ್ತ ಹೋಗಿ.

8. ಮಾತು ಬೆಳೆಯುವ ಮೂರು ಜಾಗ

ಜೇಜುರಿ. ಖಂಡೋಬನ ಊರು. ಇಲ್ಲಿ ಪಲ್ಲಕ್ಕಿಯ ಮೇಲೆ ಭಂಡಾರ ಎರಚಿ "ಯೆಳಕೋಟ ಯೆಳಕೋಟ ಜಯ ಮಲ್ಹಾರ" ಎಂದು ಕೂಗುತ್ತಾರೆ. ಮೈಲಾರನ ಜಾತ್ರೆ ನೋಡಿದವರಿಗೆ ಇದು ನಮ್ಮ "ಏಳುಕೋಟಿ ಏಳುಕೋಟಿ"ಯೇ ಎಂದು ಕೂಡಲೇ ಹೊಳೆಯುತ್ತದೆ. ಪಕ್ಕದವರಿಗೆ ಅರ್ಥ ಹೇಳಿ: ಸಾತ ಕೋಟಿ. ದಿನವೂ ಕೂಗುವ ಮಾತಿನ ಅರ್ಥ ಕನ್ನಡದವರಿಂದ ತಿಳಿದಾಗ ಅವರು ಇನ್ನಿಬ್ಬರನ್ನು ಕರೆದು ಹೇಳಿಸುತ್ತಾರೆ.

ಕುದುರೆಗಳು. ಜ್ಞಾನೇಶ್ವರರ ಪಲ್ಲಕ್ಕಿಯ ಮುಂದೆ ಎರಡು ಕುದುರೆ ಹೋಗುತ್ತವೆ. ಒಂದರ ಮೇಲೆ ಪತಾಕೆಯ ಸವಾರ, ಇನ್ನೊಂದು ಖಾಲಿ, ಅದರ ಮೇಲೆ ಮಾವುಲಿಯೇ ಕೂತಿದ್ದಾರೆ ಎಂಬ ನಂಬಿಕೆ. ಈ ಕುದುರೆಗಳು ಬರುವುದು ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ, ಶಿತೋಳೆ ಸರಕಾರ್ ಎಂಬ ಮನೆತನದಿಂದ, ಆಳಂದಿಯವರೆಗೆ ನಡೆದೇ. 19ನೇ ಶತಮಾನದಲ್ಲಿ ಹೈಬತ್‌ರಾವ್‌ಬಾಬಾ ಆರಫಳಕರ್ ಈ ಪಲ್ಲಕ್ಕಿಗೆ ಈಗಿನ ರೂಪ ಕೊಟ್ಟಾಗ ಶುರುವಾದ ನಂಟು. ಕರ್ನಾಟಕದಿಂದ ಬಂದವರು ಎಂದರೆ "ಅಂಕಲಿ ಹತ್ತಿರವಾ?" ಎಂದು ಕೇಳುವವರು ಸಿಗುತ್ತಾರೆ.

ರಿಂಗಣ. ಬಯಲಿನಲ್ಲಿ ಜನ ಸುತ್ತುಗಟ್ಟಿ ನಿಂತು, ನಡುವಿನ ಓಣಿಯಲ್ಲಿ ಪತಾಕೆಯವರು, ತುಳಸಿ ಹೊತ್ತ ಹೆಂಗಸರು, ವೀಣೇಕರಿಗಳು ಓಡಿ, ಕೊನೆಗೆ ಕುದುರೆಗಳು ಓಡುತ್ತವೆ. ತರಡಗಾವಿನ ಹತ್ತಿರ ಚಾಂದೋಬಾಚಾ ಲಿಂಬ್‌ನಲ್ಲಿ ಸಾಲಾಗಿ ನಿಲ್ಲುವ ಉಭೇ ರಿಂಗಣ, ಮುಂದೆ ಸದಾಶಿವನಗರದ ಹತ್ತಿರದ ಪುರಂದಾವಡೆ ಮೊದಲಾದ ಕಡೆ ದುಂಡು ರಿಂಗಣ. ಫೋನು ಚಾಚಿ ಓಣಿಯೊಳಗೆ ಬಾಗಬೇಡಿ, ಕುದುರೆ ಕೈಯಳತೆಯಲ್ಲೇ ಹಾದುಹೋಗುತ್ತದೆ. ಓಟ ಮುಗಿದ ಮೇಲಿನದೇ ಮುಖ್ಯ: ಆಟ ಶುರುವಾಗುತ್ತದೆ, ಅಜ್ಜ ಅಜ್ಜಿಯರೂ ಫುಗಡಿ ಆಡುತ್ತಾರೆ. ಯಾರೋ ನಿಮ್ಮ ಕೈ ಹಿಡಿದು ಎಳೆಯುತ್ತಾರೆ. ಗಡಿಯಾರ, ಉಂಗುರ ತೆಗೆದು ಜೇಬಿಗೆ ಹಾಕಿ, ಕೈ ಅಡ್ಡಡ್ಡ ಹಿಡಿದು, ಪಾದ ಹತ್ತಿರ ಜೋಡಿಸಿ, ಮೈ ಹಿಂದಕ್ಕೆ ಬಿಟ್ಟು ತಿರುಗಿ. ಹಿಡಿತ ನಡುವೆ ಬಿಡಬಾರದು, ಬಿಟ್ಟರೆ ಇಬ್ಬರೂ ನೆಲಕ್ಕೆ. ಮಂಡಿ ನೋವಿರುವವರು ಚಪ್ಪಾಳೆಯಲ್ಲಿ ತೃಪ್ತಿಪಡಿ.

ಮಾತು ಕೆಡುವ ಒಂದು ಜಾಗವನ್ನೂ ಹೇಳಬೇಕು. ವಿಠ್ಠಲನನ್ನು ಜ್ಞಾನೇಶ್ವರರೇ 'ಕಾನಡಾ' ಎಂದು ಹಾಡಿದ್ದಾರೆ, ಹೊಯ್ಸಳ ಸೋಮೇಶ್ವರನ 1237ರ ಶಾಸನ ಪಂಢರಪುರದಲ್ಲಿದೆ. ಎರಡೂ ನಿಜ. ಆದರೆ "ವಿಠಲ ಮೂಲತಃ ನಮ್ಮವನು" ಎಂದು ವಾದಕ್ಕೆ ಇಳಿದರೆ ಅದು ಐದೇ ನಿಮಿಷದಲ್ಲಿ ಬೆಳಗಾವಿ ಗಡಿಗೆ ಹೋಗಿ ನಿಲ್ಲುತ್ತದೆ. ಅವರಾಗಿ ಕೇಳಿದರೆ ಹೇಳಿ. ಎಷ್ಟೋ ಹಿರಿಯ ವಾರಕರಿಗಳಿಗೆ ಆ ಅಭಂಗ ನಮಗಿಂತ ಚೆನ್ನಾಗಿ ಗೊತ್ತು.

ಫೋಟೋ: ಮೊದಲ ಎರಡು ದಿನ ಕ್ಯಾಮೆರಾ ತೆಗೆಯಲೇಬೇಡಿ. ಆಮೇಲೂ ಕೇಳಿ ತೆಗೆಯಿರಿ: "ಫೋಟೋ ಕಾಢೂ ಕಾ?" ಟ್ಯಾಂಕರಿನ ಬಳಿ ಸ್ನಾನ ಮಾಡುವವರು, ಮಲಗಿದವರು, ಕಾಲಿನ ಗುಳ್ಳೆಗೆ ಮದ್ದು ಹಚ್ಚಿಕೊಳ್ಳುವವರು ಚಿತ್ರಕ್ಕಲ್ಲ.

9. ಪಂಢರಪುರದಲ್ಲಿ

ವಾಖರಿಯಲ್ಲಿ ಪಲ್ಲಕ್ಕಿಗಳೆಲ್ಲ ಕೂಡುತ್ತವೆ, ಅಲ್ಲಿಂದ ಪಂಢರಪುರ ಕೆಲವೇ ಕಿ.ಮೀ. ಏಕಾದಶಿಗೆ ಊರಲ್ಲಿ ಲಕ್ಷಗಟ್ಟಲೆ ಜನ. ವಿಠ್ಠಲನ ಪಾದ ಮುಟ್ಟುವ ಪದಸ್ಪರ್ಶ ದರ್ಶನದ ಸಾಲು ಒಂದು ದಿನವನ್ನೇ ನುಂಗಬಹುದು. ಮುಖದರ್ಶನದ ಸಾಲು ಬೇಗ ಸಾಗುತ್ತದೆ. ವರ್ಷಗಟ್ಟಲೆ ನಡೆದ ಎಷ್ಟೋ ವಾರಕರಿಗಳು ಕಳಸ ನೋಡಿ, ಗುಡಿಯ ಬಾಗಿಲಲ್ಲಿರುವ ಸಂತ ನಾಮದೇವರ ಪಾವಟಿಗೆಗೂ (ಮೆಟ್ಟಿಲು) ಎದುರಿನ ದಲಿತ ಸಂತ ಚೋಖಾಮೇಳರ ಸಮಾಧಿಗೂ ಹಣೆ ಹಚ್ಚಿ ತಿರುಗುತ್ತಾರೆ. ದಲಿತರಿಗೆ ಈ ಗುಡಿಯ ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರ ಉಪವಾಸದ ನಂತರ. ಆ ಮೆಟ್ಟಿಲ ಬಳಿ ನಿಂತಾಗ ಅದೂ ನೆನಪಿರಲಿ. ನಿಮ್ಮ ದಿಂಡಿಯವರು ಏನು ಮಾಡುತ್ತಾರೋ ಅದನ್ನೇ ಮಾಡಿ. ಸಾಲು ಹಿಡಿಯಲು ಬೇರೆಯಾದರೆ ಬೀಳ್ಕೊಡುವ ಹೊತ್ತಿಗೆ ನೀವು ಇರುವುದಿಲ್ಲ. ಚಂದ್ರಭಾಗೆಯಲ್ಲಿ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೆ ದಡದಲ್ಲೇ ತಂಬಿಗೆ ಸ್ನಾನ ಮಾಡಿ.

ದ್ವಾದಶಿಯ ಪಾರಣೆಗೆ ದಿಂಡಿಯಲ್ಲಿ ದೊಡ್ಡ ಊಟ. ಅದಾದ ಮೇಲೆ ಹೆಚ್ಚಿನವರು ಚದುರುತ್ತಾರೆ, ಸಂಪ್ರದಾಯದವರು ಹುಣ್ಣಿಮೆಯಂದು ನಡೆಯುವ ಗೋಪಾಳಕಾಲಾ ಎಂಬ ಕೊನೆಯ ಆಚರಣೆಯವರೆಗೆ ನಿಲ್ಲುತ್ತಾರೆ. ಬಸ್ಸು, ರೈಲು ಎರಡೂ ಅಂದು ತುಂಬಿ ತುಳುಕುತ್ತವೆ. ಸುಮಾರು 70 ಕಿ.ಮೀ. ದೂರದ ಸೋಲಾಪುರ ಮುಟ್ಟಿಬಿಟ್ಟರೆ ಕಲಬುರಗಿ, ವಿಜಯಪುರ, ಬೆಂಗಳೂರಿನ ಕಡೆ ಸಲೀಸು. ಸೋಲಾಪುರದಿಂದ ಟಿಕೆಟನ್ನು ತ್ರಯೋದಶಿಗೆ ಮಾಡಿಸಿ, ದ್ವಾದಶಿಗೆ ಬೇಡ.

10. ಊರಿಗೆ ಬಂದ ಮೇಲೆ

ಫೋನ್ ನಂಬರು ಎಲ್ಲರೂ ಬರೆದುಕೊಳ್ಳುತ್ತಾರೆ, ಮಾಡುವವರು ಕಡಿಮೆ. ವಾರದೊಳಗೆ ಒಂದು ಕರೆ ಮಾಡಿ, ಮುಟ್ಟಿದ ಸುದ್ದಿ ಹೇಳಿ. ತೆಗೆದ ಫೋಟೋಗಳನ್ನು ಪ್ರಿಂಟು ಹಾಕಿಸಿ ಅಂಚೆಯಲ್ಲಿ ಕಳಿಸಿ. ಹಳ್ಳಿಯ ಹಿರಿಯರಿಗೆ ವಾಟ್ಸಾಪಿಗಿಂತ ಗೋಡೆಗೆ ತೂಗುವ ಚಿತ್ರ ದೊಡ್ಡದು. ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ ಕಳಿಸಬಹುದು. ನಾವು ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುವಂತೆ ಅವರೂ "ತಿಳಗೂಳ ಘ್ಯಾ, ಗೋಡ ಬೋಲಾ" ಎನ್ನುತ್ತಾರೆ. ಕರೆ ಮಾಡಿ ಅದನ್ನು ಅವರ ಭಾಷೆಯಲ್ಲೇ ಹೇಳಿ.

ಮುಂದಿನ ವರ್ಷವೂ ಬರುವ ಮನಸ್ಸಿದ್ದರೆ ಬೀಳ್ಕೊಡುವ ದಿನವೇ ಮುಖ್ಯಸ್ಥರಿಗೆ ಹೇಳಿ, ಹೆಸರು ಬರೆಸಿ. ಹಳಬರ ಪಟ್ಟಿ ಮೊದಲು ತುಂಬುತ್ತದೆ.